ಅತ್ತೆ ನೋಡುತ್ತಿದ್ದ ಆಟ

ನಮ್ಮ ಮನೆಗೆ ಕಂಪ್ಯೂಟರ್ ಬಂದಾಗ ನಾನು ಸೇಡಂನಲ್ಲಿ ಬಿ.ಎ. ಓದುತ್ತಿದ್ದೆ. ಮುಚ್ಚಿಹೋದ ತರಬೇತಿ ಕೇಂದ್ರವೊಂದರಿಂದ ಅಪ್ಪ ಹಳೆಯದೊಂದನ್ನು ತಂದಿದ್ದರು; ಟೈಪಿಂಗ್ ಕಲಿತರೆ ಮಗಳಿಗೆ ಎಲ್ಲಾದರೂ ನೌಕರಿ ಸಿಕ್ಕೀತು ಎಂಬ ಆಸೆ. ನಾನು ಗೆಳತಿ ಕೊಟ್ಟ ಸಿ.ಡಿ. ಹಾಕಿ ಆಟ ಆಡುತ್ತಿದ್ದೆ.

ಆಟದಲ್ಲಿ ಒಬ್ಬ ಸೈನಿಕ ದುಷ್ಟ ರಾಜನ ಕೋಟೆ ಗೆಲ್ಲಬೇಕು. ದಾರಿಯಲ್ಲಿ ಸುಟ್ಟುಹೋದ ಹಳ್ಳಿಯೊಂದು ಬರುತ್ತದೆ. ಅಲ್ಲಿಯ ಮುದುಕಿ, ಚದುರಿಹೋದ ನಮ್ಮ ಜನರನ್ನು ಹುಡುಕಿ ಕಳಿಸು ಎಂದು ಬೇಡುತ್ತಾಳೆ. ಹುಡುಕಿದರೂ ಸರಿ, ಬಿಟ್ಟರೂ ಸರಿ. ಕೋಟೆಗೆ ಹೋಗಲು ಅದು ಬೇಕಿಲ್ಲ. ನಾನು ಬಿಟ್ಟು ಮುಂದೆ ಹೊರಟಿದ್ದೆ.

"ಯುದ್ಧ ಎಲ್ಲಿಗೂ ಓಡಿಹೋಗೂದಿಲ್ಲ. ಮೊದಲ ಆಕಿ ಮಂದೀನ ಹುಡುಕು," ಎಂದರು, ಪಕ್ಕದಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಅತ್ತೆ.

ಅತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಒಬ್ಬನೇ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದವರು. ಆ ಮಗ ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಕೆಲಸಕ್ಕೆ ಸೇರಿದ್ದ. ತೊಂಬತ್ತರ ದಶಕದ ನಡುವಿನಲ್ಲಿ, ರಜೆ ಮುಗಿಸಿ ಹೊರಟವನು ಗಾಡಿ ಬದಲಿಸಲು ವಾಡಿ ಜಂಕ್ಷನ್ನಿನಲ್ಲಿ ರೈಲಿನಿಂದ ಇಳಿದದ್ದನ್ನು ನಮ್ಮೂರಿನವರೊಬ್ಬರು ನೋಡಿದ್ದರು. ಶಹಾಬಾದಿಗೆ ಮಾತ್ರ ಅವನು ಮುಟ್ಟಲಿಲ್ಲ. ಮನೆಯಲ್ಲಿ ಜಗಳವಾಗಿರಲಿಲ್ಲ, ಮಾತಿಗೆ ಮಾತು ಕೂಡ ಬೆಳೆದಿರಲಿಲ್ಲ. ವಾಡಿಯಿಂದ ಮುಂಬೈಗೂ ಹೋಗಬಹುದು, ಮದ್ರಾಸಿಗೂ, ಹೈದರಾಬಾದಿಗೂ. ಅಪ್ಪ ಎಲ್ಲಿ ಅಂತ ಹುಡುಕಿಯಾರು? ಗುರುತಿಗೆಂದು ಕೊಟ್ಟ ಒಂದೇ ಫೋಟೋ ಯಾರ ಕೈಯಿಂದ ಯಾರ ಕೈಗೆ ಹೋಯಿತೋ, ತಿರುಗಿ ಬರಲಿಲ್ಲ.

ಹೀಗಾಗಿ ಅತ್ತೆಯ ಮಾತು ಮೀರಲಾಗದೆ ಹುಡುಕತೊಡಗಿದೆ. ಒಬ್ಬಳು ಹಾಳು ಬಾವಿಯ ಹಿಂದೆ ಸಿಕ್ಕಳು, ಒಬ್ಬ ಗಿರಣಿಯ ಅಟ್ಟದ ಮೇಲೆ. ಮಾತಾಡಿಸಿದರೆ ಸಾಕು, ಮಾಯವಾಗಿ ತಮ್ಮ ತಮ್ಮ ಮನೆಯ ಮುಂದೆ ನಿಂತಿರುತ್ತಿದ್ದರು. 'ನಿನ್ನಿಂದ ನಾನು ಮನೆ ಮುಟ್ಟಿದೆ' ಎಂಬುದೊಂದೇ ಎಲ್ಲರ ಮಾತು. ಇಂಗ್ಲಿಷಿನಲ್ಲಿದ್ದುದನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳುತ್ತಿದ್ದೆ.

"ಇಷ್ಟ ದಿನಾ ಎಲ್ಲಿದ್ದಿ ಅಂತ ಕೇಳು."

"ಹಂಗ ಕೇಳಲಿಕ್ಕ ಬರೂದಿಲ್ಲ ಅತ್ತಿ. ಅಂವಾ ಅದೊಂದ ಮಾತು ಆಡ್ತಾನ."

"ಊಟಾರ ಮಾಡ್ಯಾನೇನು?"

ನಾನು ಮುಂದಿನವನನ್ನು ಹುಡುಕಹೊರಟೆ. ಕೊನೆಗೆ ಒಬ್ಬ ಕಂಬಾರ ಮಾತ್ರ ಉಳಿದ. ಅವನಿದ್ದ ಹಿಮದ ಬೆಟ್ಟಕ್ಕೆ ಕಾಲಿಟ್ಟ ಕೂಡಲೇ ಪರದೆ ಸ್ತಬ್ಧವಾಗುತ್ತಿತ್ತು. ಸಿ.ಡಿ.ಗೆ ಗೀರು ಬಿದ್ದಿತ್ತು. ಅತ್ತೆ ಸೆರಗಿನಿಂದ ಒರೆಸಿ ಒರೆಸಿ ಕೊಟ್ಟರು; ಅವನು ಸಿಗಲಿಲ್ಲ.

ಆ ದಿನಗಳಲ್ಲೇ ಚಿಂಚೋಳಿಯ ಸಂಬಂಧಿಕರೊಬ್ಬರು ಸುದ್ದಿ ತಂದರು. ಕುಂಚಾವರಂನಲ್ಲಿ ಸೈಕಲ್ ರಿಪೇರಿ ಮಾಡುವವನೊಬ್ಬನಿದ್ದಾನೆ, ನಮ್ಮ ಹುಡುಗನ ಹಾಗೇ ಹುಬ್ಬಿನ ಮೇಲೆ ಗಾಯದ ಗುರುತಿದೆ, ವಯಸ್ಸೂ ಅಷ್ಟೇ ಎಂದು. ಅತ್ತೆ ಬೆಳಗಾಗೆದ್ದು ಕರಚೀಕಾಯಿ ಕರಿದು ಡಬ್ಬಿ ತುಂಬಿಕೊಂಡರು. ಅಪ್ಪ, ಅತ್ತೆ, ನಾನು ಹೊರಟೆವು. ಚಿಂಚೋಳಿ ದಾಟಿ ಕಾಡು ಶುರುವಾದ ಮೇಲೆ ಅತ್ತೆ ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡರು.

ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದ. ಗಾಯದ ಗುರುತಿತ್ತು. ಮುಖ ಮಾತ್ರ ಬೇರೆ ಎಂದು ನನಗೆ ಅನಿಸಿತು. ಅತ್ತೆ ಅವನನ್ನೇ ನೋಡುತ್ತ ನಿಂತರು, ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

"ಯಾರ ಬೇಕಾಗಿತ್ರಿ?" ಎಂದ ಅವನು.

"ನಿಮ್ಮ ಊರು ಯಾವುದಪಾ?" ಎಂದು ಅಪ್ಪ ಕೇಳಿದರು.

"ಇದೇರಿ. ಹುಟ್ಟಿದ್ದು ಇಲ್ಲೇ." ಅವನು ಒಳಗೆ ತಿರುಗಿ ತೆಲುಗಿನಲ್ಲಿ ತಾಯಿಯನ್ನು ಕೂಗಿದ.

ಹೊರಗೆ ಬಂದ ಆ ಹೆಂಗಸು ಅತ್ತೆಯ ಮುಖ ನೋಡಿ, ಕೈಯಲ್ಲಿದ್ದ ಡಬ್ಬಿ ನೋಡಿ, ಏನನ್ನೂ ಕೇಳದೆ ಹೋಗಿ ನೀರು ತಂದಳು.

"ಕುಂದ್ರಿ ಅಮ್ಮಾ. ಎಷ್ಟ ವರ್ಷ ಆಯ್ತ್ರಿ?"

"ಹತ್ತ ಆದುವ್ರಿ," ಎಂದರು ಅತ್ತೆ. ನೀರು ಕುಡಿದರು. ಡಬ್ಬಿಯನ್ನು ಆಕೆಯ ಕೈಗಿಟ್ಟು, "ನಿಮ್ಮ ಮಗ ಭಾಳ ಛಲೋ ಇದ್ದಾನ್ರಿ," ಎಂದರು.

ಮರಳುವ ಬಸ್ಸಿನಲ್ಲಿ ಅತ್ತೆ ಅಪ್ಪನ ಕಡೆ ತಿರುಗಿದರು. "ನಮ್ಮ ಹುಡುಗನ ಗಾಯ ಎಡಗಡೆ ಇತ್ತೋ, ಬಲಗಡೆ ಇತ್ತೋ?"

"ಎಡಗಡೆ," ಎಂದರು ಅಪ್ಪ.

"ಬಲಗಡೆ ಅಲ್ಲೇನಪ್ಪಾ?" ಎಂದೆ ನಾನು, ತಡೆಯಲಾಗದೆ.

ಅತ್ತೆ ನಮ್ಮಿಬ್ಬರ ಮುಖವನ್ನೂ ನೋಡಿದರು. "ನನಗೂ ನೆನಪಾಗವಲ್ದು," ಎಂದು ಕಿಟಕಿಯ ಕಡೆ ಹೊರಳಿದರು. ಸೇಡಂ ಬರುವ ತನಕ ಅತ್ತಿತ್ತ ನೋಡಲಿಲ್ಲ.

ಗೆಳತಿಯಿಂದ ಗೀರಿಲ್ಲದ ಇನ್ನೊಂದು ಸಿ.ಡಿ. ತಂದು ಅತ್ತೆಯನ್ನು ಕರೆದೆ. "ನೀ ಆಡು," ಎಂದು ಅಡುಗೆಮನೆಯಲ್ಲೇ ಉಳಿದರು. ಒಬ್ಬಳೇ ಬೆಟ್ಟ ದಾಟಿ ಕಂಬಾರನನ್ನು ಕಂಡೆ. ಅವನೂ ಅದೇ ಮಾತು ಹೇಳಿದ. ಆಮೇಲೆ ಆಡುವ ಮನಸ್ಸಾಗಲಿಲ್ಲ.

ಮರುವರ್ಷ ಕಾಳಗಿಯ ಸಂತೆಯಲ್ಲಿ ಯಾರನ್ನೋ ಕಂಡೆವೆಂದು ಮತ್ತೊಂದು ಸುದ್ದಿ ಬಂತು.

"ಹೋಗಿ ನೋಡೋಣೇನಕ್ಕಾ?" ಎಂದರು ಅಪ್ಪ.

"ಬ್ಯಾಡ. ಅಂವಾ ಮುಂದ ಬಂದು ನಿಂತರೂ ನನಗ ಗುರ್ತ ಸಿಗೂದಿಲ್ಲ."

ಅಪ್ಪ ಒಬ್ಬರೇ ಹೋಗಿ ಸಂಜೆ ಬಂದರು. ಕಾಲು ತೊಳೆದು ಊಟಕ್ಕೆ ಕೂತರು. ಅತ್ತೆ ಬಡಿಸಿದರು.

"ಬಸ್ಸು ಭಾಳ ತುಂಬಿತ್ತು," ಎಂದರು ಅಪ್ಪ.

"ಇನ್ನೊಂದ ರೊಟ್ಟಿ ಹಾಕ್ಲೇನು?" ಎಂದರು ಅತ್ತೆ.