ಮೊಳೆಯಲ್ಲಿ ತೂಗುತ್ತಿದ್ದ ಮಾಸ್ಕ್

“ಮಾಸ್ಕ್ ತರ್ಲಿಲ್ವಾ ಅಕ್ಕ? ಪರ್ವಾಗಿಲ್ಲ ಬುಡಿ, ಅಲ್ಲೇ ನೇತಾಕಿದೀನಿ, ಹಾಕ್ಕೊಂಡ್ ಬನ್ನಿ” ಎಂದರು ಅಶೋಕಪುರಂನ ನಮ್ಮ ಬೀದಿಯ ದಿನಸಿ ಅಂಗಡಿಯವರು.

ಲಾಕ್‌ಡೌನ್ ಸಡಿಲವಾಗಿ ಅಂಗಡಿ ತೆರೆದು ಎರಡು ದಿನವಾಗಿತ್ತಷ್ಟೆ. ಬಾಗಿಲ ಪಕ್ಕದ ಮೊಳೆಯಲ್ಲಿ ನೀಲಿ ಬಟ್ಟೆಯ ಮಾಸ್ಕೊಂದು ತೂಗುತ್ತಿತ್ತು. ಮರೆತು ಬಂದವರೆಲ್ಲ ಅದನ್ನೇ ಹಾಕಿಕೊಂಡು ಒಳಗೆ ಹೋಗಿ, ಸಾಮಾನು ಕೊಂಡು, ಹೊರಡುವಾಗ ಮತ್ತೆ ಮೊಳೆಗೆ ಸಿಕ್ಕಿಸಬೇಕು. ಎದುರುಮನೆಯ ಅಜ್ಜಿ ಆಗಷ್ಟೇ ಅದನ್ನು ಬಿಚ್ಚಿಟ್ಟು, ಕೆಮ್ಮುತ್ತ ಮೆಟ್ಟಿಲು ಇಳಿದಿದ್ದರು.

“ಒಂದನ್ನೇ ಎಲ್ರೂ ಹಾಕ್ಕೊಂಡ್ರೆ ಹೆಂಗ್ರೀ?” ಎಂದೆ.

“ಕಾಯಿಲೆ ದೇವ್ರಿಗೆ ಬುಟ್ಟಿದ್ದು. ದಂಡ ಹಾಕೋರು ಬಂದಾಗ ಮುಖದ ಮೇಲೆ ಒಂದಿದ್ರೆ ಸಾಕು ಕಣಕ್ಕ.”

ನನ್ನ ಮನೆ ಇಪ್ಪತ್ತು ಹೆಜ್ಜೆ ದೂರ. ಹೋಗಿ ನನ್ನದನ್ನು ತರಬಹುದಿತ್ತು. ಒಲೆಯ ಮೇಲೆ ಬೇಳೆ ಇಟ್ಟು ಬಂದ ಅವಸರದಲ್ಲಿ ಮೊಳೆಯಲ್ಲಿದ್ದುದನ್ನೇ ಹಾಕಿಕೊಂಡೆ. ಒಳಭಾಗ ಇನ್ನೂ ತೇವವಾಗಿತ್ತು.

ಮುಂದಿನ ವಾರ ನನಗೂ ಅಜ್ಜಿಗೂ ಸೋಂಕು ಪತ್ತೆಯಾಯಿತು. ನಾನು ಉಳಿದೆ, ಅಜ್ಜಿ ಉಳಿಯಲಿಲ್ಲ. ಅಂದು ಅಂಗಡಿಯಿಂದ ಹೊರಡುವಾಗ ನಾನು ಮಾಸ್ಕನ್ನು ಮೊಳೆಗೂ ಸಿಕ್ಕಿಸಿರಲಿಲ್ಲ. ಮಗು ಎತ್ತಿಕೊಂಡು ನನ್ನ ಹಿಂದೆ ನಿಂತಿದ್ದ ಹೆಂಗಸಿನ ಕೈಗೇ ನಗುತ್ತ ಕೊಟ್ಟಿದ್ದೆ. ಆಕೆಯ ಮುಖವನ್ನು ಈ ಬೀದಿಯಲ್ಲಿ ಇವತ್ತಿಗೂ ಹುಡುಕುತ್ತಿದ್ದೇನೆ.