ಅತ್ತೆ ಮುಗಿಸಿದ ದರಬಾರು

"ಇದು ಶುರು ಆಗೋ ದರಬಾರ ಅಲ್ರಿ, ಮುಗಿಯೋ ದರಬಾರ," ಎಂದು ನಮ್ಮ ಅತ್ತೆ ನನ್ನ ಮಾತನ್ನು ಅರ್ಧಕ್ಕೇ ತಡೆದರು.

ತೊಂಬತ್ತರ ದಶಕದ ಕೊನೆ. ಧಾರವಾಡದಿಂದ ಬಂದಿದ್ದ ಅತ್ತೆಗೆ ಪುಣೆ ತೋರಿಸುವ ಹುಮ್ಮಸ್ಸಿನಲ್ಲಿ ನಾನು ವಸ್ತುಸಂಗ್ರಹಾಲಯದಲ್ಲಿ ದರಬಾರಿನ ಚಿತ್ರವೊಂದರ ಮುಂದೆ ನಿಂತು, ಪೇಶ್ವೆಯ ಗಾದಿ, ಸರದಾರರ ಪಗಡಿ ಎಲ್ಲ ವಿವರಿಸುತ್ತಿದ್ದೆ. ಪೇಶ್ವೆ ಈಗ ಮಾತು ಶುರುಮಾಡುತ್ತಾನೆ, ಅದಕ್ಕೇ ಎಲ್ಲರೂ ಮುಂದಕ್ಕೆ ಬಾಗಿದ್ದಾರೆ ಅಂದಿದ್ದೆ.

ಅತ್ತೆ ಚಿತ್ರದ ಮೂಲೆಯತ್ತ ಬೆರಳು ಮಾಡಿದರು. ಅಲ್ಲೊಬ್ಬ ಸೇವಕ ಅತ್ತರದಾನಿ, ಎಲೆ-ಅಡಿಕೆಯ ತಟ್ಟೆ ಹಿಡಿದು ಬರುತ್ತಿದ್ದ.

"ಎಲಿ-ಅಡಿಕಿ ಬಂತಂದ್ರ, ಇನ್ನ ಹೊರಡ್ರಿ ಅಂತ ಅರ್ಥ. ಬಂದವರಿಗೆ ಬಾಯಿಬಿಟ್ಟು ಹೇಳಬಾರದಲ್ಲ."

ನಮ್ಮ ಮನೆಗಳಲ್ಲೂ ಇದೇ ಪದ್ಧತಿ, ನನಗೇ ಹೊಳೆದಿರಲಿಲ್ಲ. ಆದರೂ ಸೋಲೊಪ್ಪದೆ ಬಣ್ಣ, ಕಂಬ, ಕಮಾನುಗಳ ಬಗ್ಗೆ ಮತ್ತೆ ಶುರುಹಚ್ಚಿಕೊಂಡೆ. ಅತ್ತೆ ತಲೆದೂಗುತ್ತಲೇ ಕೇಳಿದರು. ಆಮೇಲೆ ಸೊಂಟದ ಸಂಚಿ ಬಿಚ್ಚಿ, ಎಲೆಯ ಮೇಲೆ ಅಡಿಕೆ ಇಟ್ಟು, ಭಾಳ ಮರ್ಯಾದೆಯಿಂದ ನನ್ನ ಕೈಗೆ ಕೊಟ್ಟರು. "ತಗೋರಿ, ಅಳಿಯಂದ್ರ."

ಪಕ್ಕದಲ್ಲಿದ್ದ ನನ್ನ ಹೆಂಡತಿ ಅದನ್ನು ಮರೆತಿಲ್ಲ. ಈಗಲೂ ನನ್ನ ಮಾತು ಉದ್ದವಾದರೆ ಆಕೆ ವಾದ ಮಾಡುವುದಿಲ್ಲ, ಎದ್ದು ಅಡಿಕೆ ಡಬ್ಬಿ ತರುತ್ತಾಳೆ.