ಮೊದಲು ಕಂಡವಳು

ನನ್ನ ತಮ್ಮ ಗೋವಿಂದನ ಕಾಯಿಲೆಯನ್ನು ಮೊದಲು ಗುರುತಿಸಿದವಳು ನಾನಲ್ಲ. ಗುರುತಿಸಿದವಳ ಬಾಯಿ ಮುಚ್ಚಿಸಿದವಳು ನಾನು. ಆಮೇಲೆ ಅವಳಿಗೆ ಸಲ್ಲಬೇಕಾದ ಹೆಸರನ್ನೂ ನಾನೇ ತೆಗೆದುಕೊಂಡೆ — ಕದ್ದೆ ಅನ್ನುವುದೇ ಸರಿ.

ಕಳೆದ ತಿಂಗಳು ತಮಿಳು ಸೀಮೆಯ ನಮ್ಮ ಗೂಡಲೂರಿನಲ್ಲಿ ಮೆದುಳಿನ ಕ್ಯಾನ್ಸರ್ ಸಂಶೋಧನೆಗೆ ನೆರವಾಗಲೆಂದು ಅವನ ನೆನಪಿನಲ್ಲಿ ಒಂದು ನಡಿಗೆ ಏರ್ಪಡಿಸಿದ್ದೆವು. ಮುಂದೆ ನಿಂತು ನಡೆಸಿದವಳು ನಾನು, ನಿವೃತ್ತ ಮುಖ್ಯೋಪಾಧ್ಯಾಯಿನಿ. ಫ್ಲೆಕ್ಸಿನಲ್ಲಿ ಸತ್ತವನ ಮುಖಕ್ಕಿಂತ ನನ್ನ ಮುಖವೇ ದೊಡ್ಡದು. ಮೊದಲ ಸಾಲಿನ ಗಣ್ಯರು ಕ್ಯಾಮೆರಾ ಇರುವಷ್ಟು ದೂರ ನಡೆದು, ತಿರುವು ದಾಟಿದ್ದೇ ಕಾರು ಹತ್ತಿದರು. ಮನಸ್ಸಿನಲ್ಲೇ ಅವರಿಗೆ ಉಗಿದೆ. ಉಗಿಯುವ ಯೋಗ್ಯತೆ ನನಗೆಲ್ಲಿಂದ ಬಂತು — ಆದರೂ ಉಗಿದೆ.

ವಾರ ಕಳೆದು ಕಲ್ಯಾಣ ಮಂಟಪದಲ್ಲಿ ಕೃತಜ್ಞತಾ ಸಭೆ. ನಡಿಗೆಗೆ ಕೈಜೋಡಿಸಿದ್ದ ನಮ್ಮ ಊರ ಸಂಘದ ಕಾರ್ಯದರ್ಶಿ ಮೈಕು ಹಿಡಿದು, “ತಮ್ಮನ ನಡೆನುಡಿ ಬದಲಾದದ್ದನ್ನ ಮೊದಲು ಕಂಡೋರು ಈ ಮೇಡಮ್ಮೇ. ಇಂಥಾ ಅಕ್ಕ ಎಲ್ಲಾರಿಗೂ ಸಿಗಬೇಕು” ಎಂದ. ಜರಿಶಾಲು ಹೊದಿಸಲಿ ಎಂದು ನಾನು ಕತ್ತು ಬಗ್ಗಿಸಿಕೊಟ್ಟೆ. ನಂತರ ವಂದನೆ ಹೇಳಿದೆ — ಶಾಮಿಯಾನದವನಿಗೆ, ನೀರಿನ ಗಾಡಿಯವನಿಗೆ, ಕಾರು ಹತ್ತಿದ ಗಣ್ಯರಿಗೂ. ಮಂಟಪದ ಮೂಲೆಯಲ್ಲಿ ಗೋವಿಂದನ ಹೆಂಡತಿ ಜ್ಯೋತಿ ಬಂದವರಿಗೆಲ್ಲ ಮಜ್ಜಿಗೆ ಕೊಡುತ್ತಿದ್ದಳು. ಅವಳ ಹೆಸರು ನನ್ನ ಬಾಯಿಂದ ಹೊರಡಲಿಲ್ಲ.

ನಾನು ನೋಡಿದ ಹುಡುಗಿಯನ್ನು ಬಿಟ್ಟು ಗೋವಿಂದ ತಾನೇ ಮೆಚ್ಚಿ ಕಟ್ಟಿಕೊಂಡವಳು ಅವಳು, ಕೊಂಬೈ ಊರಿನವಳು. ಅವಳ ಮೇಲೆ ನನಗೆ ಮೊದಲಿನಿಂದಲೂ — ಏನು ಹೇಳಲಿ, ಹೊಟ್ಟೆಯುರಿ. ವರ್ಷಗಳ ಹಿಂದೆ, ತನ್ನ ದ್ರಾಕ್ಷಿ ತೋಟದಲ್ಲಿ ಆಳುಗಳನ್ನೂ ಗದರದ ನನ್ನ ತಮ್ಮ ಊಟದ ತಟ್ಟೆ ಎಸೆಯತೊಡಗಿದ. ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಅದರ ಹೆಸರಿಗಾಗಿ ತಡಕಾಡಿದ. ಆಗ ಜ್ಯೋತಿ ನನ್ನ ಮನೆಗೆ ಬಂದು, ಬಾಗಿಲಲ್ಲೇ ನಿಂತು ಅತ್ತಳು.

“ಅಕ್ಕಾ, ಇವ್ರು ಮುಂಚಿನಂಗೆ ಇಲ್ಲ. ದಿನಾ ತಲೆನೋವು ಅಂತಾರೆ. ತಲೆ ಒಳಗೆ ಏನೋ ಐತೆ. ಮದುರೆಗೆ ಕರ್ಕೊಂಡು ಹೋಗಾಣ. ನೀವು ಹೇಳಿದ್ರೆ ಕೇಳ್ತಾರೆ.”

“ಅವನ ತಲೆನೋವು ನೀನೇ ಕಣೆ. ನೀನು ತೊಲಗಿದ್ರೆ ಅದೂ ವಾಸಿಯಾಗ್ತದೆ,” ಎಂದೆ.

ಅಷ್ಟಕ್ಕೇ ಬಿಡಲಿಲ್ಲ. ಹೆಂಡತಿ ಕಾಟ ಕೊಟ್ಟು ಗಂಡನನ್ನು ಹುಚ್ಚನನ್ನಾಗಿ ಮಾಡುತ್ತಿದ್ದಾಳೆಂದು ನೆಂಟರ ಮನೆಮನೆಯಲ್ಲೂ ಹೇಳಿದೆ. ನಂಬಿದರು. ಗೋವಿಂದನೂ ನನ್ನ ಮಾತು ಕೇಳಿ, ತನಗೇನೂ ಇಲ್ಲ ಎಂದು ಆಸ್ಪತ್ರೆಯ ಮಾತೆತ್ತಲು ಬಿಡಲಿಲ್ಲ. ಕೊನೆಗೊಂದು ದಿನ ದ್ರಾಕ್ಷಿ ಚಪ್ಪರದ ಕೆಳಗೇ ಸೆಳೆತ ಬಂದು ಬಿದ್ದ. ಮದುರೆಯಲ್ಲಿ ಸ್ಕ್ಯಾನ್ ಮಾಡಿದರು. ಗೆಡ್ಡೆ. ಬದಲಾವಣೆಯನ್ನು ಮೊದಲು ಗಮನಿಸಿದವರು ಯಾರು ಎಂದು ಡಾಕ್ಟರು ಕೇಳಿದರು. ಜ್ಯೋತಿ ನನ್ನ ಪಕ್ಕದಲ್ಲೇ ಇದ್ದಳು.

“ನಾನೇ,” ಎಂದೆ.

ಅವಳು ನನ್ನನ್ನು ನೋಡಿದಳು. ಬೇಗ ಕರೆತಂದಿದ್ದರೆ ಗೋವಿಂದ ಉಳಿಯುತ್ತಿದ್ದನೇ — ಗೊತ್ತಿಲ್ಲ. ಆ ‘ಗೊತ್ತಿಲ್ಲ’ವನ್ನೇ ಇಷ್ಟು ವರ್ಷ ದಿಂಬು ಮಾಡಿಕೊಂಡು ಮಲಗಿದೆ.

ಆ ಸುಳ್ಳನ್ನು ನಂಬಿ ಬೆಳೆದವಳು ಅವರ ಮಗಳು ಕಾವ್ಯ. ಸಭೆಯ ಕೊನೆಯಲ್ಲಿ ಅವಳೂ ಮೈಕು ಹಿಡಿದಳು. “ಅಪ್ಪನ ಕಷ್ಟ ಅತ್ತೆಗೆ ಕಾಣಿಸ್ತು. ಒಂದೇ ಮನೇಲಿ ಇದ್ದೋರಿಗೆ ಕಾಣಿಸ್ಲಿಲ್ಲ,” ಎಂದಳು. ಜನರೆಲ್ಲ ತಿರುಗಿ ಜ್ಯೋತಿಯನ್ನು ನೋಡಿದರು. ಅವಳು ತಲೆ ತಗ್ಗಿಸಿ ಲೋಟಗಳನ್ನು ಜೋಡಿಸಿದಳು. ನಾನು — ಶಾಲು ಸರಿಮಾಡಿಕೊಂಡೆ.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಜ್ಯೋತಿ ಬಳಿಗೆ ಬಂದಳು.

“ಅಕ್ಕಾ, ಊರು ಏನಾರ ಅಂದ್ಕೊಳ್ಳಿ. ಪೆತ್ತ ಮಗಳು ನನ್ನ ಮೊಗ ನೋಡ್ತಿಲ್ಲ. ಅವಳೊಬ್ಬಳಿಗಾರ ಹೇಳ್ಬಿಡಿ.”

ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕಾವ್ಯ ದಿಂಡುಕಲ್ಲಿನಲ್ಲಿ ಓದುತ್ತಾಳೆ. ಅವಳ ಹಾಸ್ಟೆಲ್ಲಿಗೆ ಹೋಗಿ, ಹೊರಗಿನ ಬೆಂಚಿನ ಮೇಲೆ ಕೂರಿಸಿಕೊಂಡು ಎಲ್ಲ ಹೇಳಿದೆ — ತಲೆನೋವಿನ ಆ ಮಾತನ್ನೂ, ‘ನಾನೇ’ ಎಂದದ್ದನ್ನೂ.

“ನಾನು ಅಮ್ಮನ್ನ ಏನೇನು ಅಂದಿದೀನಿ ಗೊತ್ತಾ ಅತ್ತೆ?”

ಉತ್ತರಕ್ಕೂ ಕಾಯದೆ ಒಳಗೆ ಹೋದಳು. ಬ್ಯಾಗು ತಂದು, ನನ್ನನ್ನು ದಾಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ತಾಯಿಯ ಬಳಿಗೆ ಹೋದಳೆಂದು ಆಮೇಲೆ ಗೊತ್ತಾಯಿತು. ಅಂದಿನಿಂದ ನನ್ನ ಫೋನು ತೆಗೆಯುತ್ತಿಲ್ಲ. ತೆಗೆಯಬಾರದು ಕೂಡ.

ಬರುವ ಭಾನುವಾರ ಸಂಘದ ಸಭೆ. ಮಾತಾಡಲು ಸಮಯ ಕೇಳಿದ್ದೇನೆ. ವಿಷಯ ತಿಳಿದ ಕಾರ್ಯದರ್ಶಿ, “ಯಾಕೆ ಮೇಡಂ ಇದೆಲ್ಲ? ನಡೆದ ಒಳ್ಳೇ ಕೆಲಸಕ್ಕೆ ಕೆಟ್ಟ ಹೆಸರು ಬರ್ತದೆ,” ಎಂದ. ಎಷ್ಟು ನಯವಾಗಿ ಹೇಳಿದ! ಅವನ ಜಾಗದಲ್ಲಿ ನಾನಿದ್ದರೂ ಇದನ್ನೇ, ಇಷ್ಟೇ ನಯವಾಗಿ ಹೇಳುತ್ತಿದ್ದೆ. ಅವನ ಮಾತಿಗಿಂತ ಹೆಚ್ಚು ಅಸಹ್ಯವಾದದ್ದು ಅದೇ.

ತಾನು ಬರುವುದಿಲ್ಲವೆಂದು ಜ್ಯೋತಿ ಹೇಳಿ ಕಳಿಸಿದ್ದಾಳೆ. ಬರದಿರಲಿ. ನನ್ನ ತಪ್ಪೊಪ್ಪಿಗೆಗೆ ಅವಳು ಸಾಕ್ಷಿ ನಿಲ್ಲಬೇಕಾಗಿಲ್ಲ. ಅಂದು ಚಪ್ಪಾಳೆ ತಟ್ಟಿದವರ ಮುಂದೆ ನಿಂತು ಹೇಳುತ್ತೇನೆ.